ಸೋಲಿನ ದಾಖಲೆಯಿಂದ ಚಾಂಪಿಯನ್ ಪಟ್ಟಕ್ಕೆ: ಇಂಡಿಯಾನಾ ಹುಟ್ಟಿಸಿದ ಆಸೆ ಎಲ್ಲರಿಗೂ ದಕ್ಕೀತೇ?

2026ರ ಜನವರಿ 19ರಂದು ಫ್ಲಾರಿಡಾದ ಮಯಾಮಿ ಗಾರ್ಡನ್ಸ್‌ನಲ್ಲಿ ನಡೆದ ಅಮೆರಿಕದ ಕಾಲೇಜು ಫುಟ್‌ಬಾಲ್‌ನ ಅಂತಿಮ ಪಂದ್ಯದಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ತಂಡವು ಮಯಾಮಿ ವಿಶ್ವವಿದ್ಯಾಲಯವನ್ನು 27-21ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಆ ಋತುವಿನಲ್ಲಿ ಆಡಿದ ಹದಿನಾರು ಪಂದ್ಯಗಳಲ್ಲಿ ಒಂದನ್ನೂ ಅದು ಸೋಲಲಿಲ್ಲ. ಹದಿನಾರಕ್ಕೆ ಹದಿನಾರು ಗೆದ್ದ ತಂಡವನ್ನು ಹುಡುಕಬೇಕಾದರೆ 1894ರ ಯೇಲ್ ತಂಡದವರೆಗೆ ಹಿಂದೆ ಹೋಗಬೇಕು. ಇದೇ ಇಂಡಿಯಾನಾ 2023ರಲ್ಲಿ ಹನ್ನೆರಡು ಪಂದ್ಯಗಳಲ್ಲಿ ಒಂಬತ್ತನ್ನು ಸೋತಿತ್ತು. ಉನ್ನತ ದರ್ಜೆಯ ಕಾಲೇಜು ತಂಡಗಳ ಪೈಕಿ ಇತಿಹಾಸದಲ್ಲೇ ಅತಿ ಹೆಚ್ಚು ಪಂದ್ಯ ಸೋತದ್ದು ಎಂಬ ಹಣೆಪಟ್ಟಿ, 700ಕ್ಕೂ ಹೆಚ್ಚು ಸೋಲುಗಳೊಂದಿಗೆ, 2025ರ ಋತು ಶುರುವಾಗುವಾಗಲೂ ಅದರ ಮೇಲೆಯೇ ಇತ್ತು.

ಹೀಗಾಗಿ ದಶಕಗಳಿಂದ ಸೋಲುತ್ತಲೇ ಬಂದ ಪ್ರತಿಯೊಂದು ವಿಶ್ವವಿದ್ಯಾಲಯದ ಅಭಿಮಾನಿಗಳೂ ಈಗ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: ಅವರಿಂದ ಆದದ್ದು ನಮ್ಮಿಂದ ಏಕಾಗದು? ಈ ಸುದ್ದಿಯನ್ನು ಹೊರಗಿನಿಂದ ನೋಡುವವರಿಗೆ ಗೊಂದಲ ಇನ್ನೊಂದು ಬಗೆಯದು. ವಿದ್ಯಾರ್ಥಿಗಳಿಗೆ ಕೋಟಿಗಟ್ಟಲೆ ಹಣ, ವರ್ಷಕ್ಕೊಂದು ಕಾಲೇಜು ಬದಲಿಸುವ ಆಟಗಾರರು, ರಾಜ್ಯದ ಯಾವ ಸರ್ಕಾರಿ ನೌಕರನಿಗೂ ಇಲ್ಲದಷ್ಟು ಸಂಬಳ ಪಡೆಯುವ ತರಬೇತುದಾರ. ಇದು ಕಾಲೇಜು ಕ್ರೀಡೆಯೋ, ವೃತ್ತಿಪರ ಲೀಗೋ? ಈ ಎರಡು ಪ್ರಶ್ನೆಗಳಿಗೆ ಉತ್ತರ ಇರುವುದು ಒಂದೇ ಕಡೆ. ಸೋಲುವ ತಂಡಗಳಿಗೆ ಆಸೆ ಹುಟ್ಟಿರುವುದು ಹಳೆಯ ನಿಯಮಗಳು ಕುಸಿದದ್ದರಿಂದ, ಮತ್ತು ಆ ಆಸೆಯ ಮಿತಿಯನ್ನು ನಿರ್ಧರಿಸುತ್ತಿರುವುದೂ ಅದೇ ಕುಸಿತ.

ಸೋಲು ಬೇರೂರುವುದು ಹೇಗೆ

ಇಲ್ಲಿ ಫುಟ್‌ಬಾಲ್ ಎಂದರೆ ಹೆಲ್ಮೆಟ್ ಧರಿಸಿ, ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ಅಮೆರಿಕನ್ ಫುಟ್‌ಬಾಲ್. ಇದರ ಉನ್ನತ ಕಾಲೇಜು ದರ್ಜೆಯಲ್ಲಿ 2025ರಲ್ಲಿ 136 ವಿಶ್ವವಿದ್ಯಾಲಯಗಳಿದ್ದವು. ಅವು ಬಿಗ್ ಟೆನ್, ಎಸ್‌ಇಸಿ, ಬಿಗ್ 12, ಎಸಿಸಿ ಮುಂತಾದ ಒಕ್ಕೂಟಗಳಲ್ಲಿ ಹಂಚಿಹೋಗಿವೆ. ಕಳಪೆ ಆಟಕ್ಕೆ ಕೆಳದರ್ಜೆಗೆ ಇಳಿಯುವ ಶಿಕ್ಷೆ ಇಲ್ಲ. ಹಾಗೆಯೇ ಕಳಪೆ ತಂಡವನ್ನು ಎತ್ತಿ ನಿಲ್ಲಿಸುವ ಏರ್ಪಾಡೂ ಇಲ್ಲ. ಎರಡನೆಯ ಮಾತು ಮುಖ್ಯವಾದದ್ದು. ಐಪಿಎಲ್‌ನಲ್ಲಿ ಎಲ್ಲ ತಂಡಗಳೂ ಒಂದೇ ಮೊತ್ತದ ಮಿತಿಯೊಳಗೆ ಹರಾಜಿನಲ್ಲಿ ಆಟಗಾರರನ್ನು ಕೊಳ್ಳುತ್ತವೆ. ಅಮೆರಿಕದ ವೃತ್ತಿಪರ ಲೀಗಾದ ಎನ್‌ಎಫ್‌ಎಲ್‌ನಲ್ಲಿ ಹಿಂದಿನ ವರ್ಷ ಕೊನೆಯ ಸ್ಥಾನದಲ್ಲಿದ್ದ ತಂಡಕ್ಕೆ ಹೊಸ ಆಟಗಾರರನ್ನು ಆರಿಸುವ ಮೊದಲ ಅವಕಾಶ ಸಿಗುತ್ತದೆ. ಕಾಲೇಜು ಆಟದಲ್ಲಿ ಹರಾಜೂ ಇಲ್ಲ, ಸರದಿಯೂ ಇಲ್ಲ. ಯಾವ ಕಾಲೇಜು ಸೇರಬೇಕೆಂಬುದನ್ನು ಹದಿನೇಳು ವರ್ಷದ ಆಟಗಾರ ತಾನೇ ನಿರ್ಧರಿಸುತ್ತಾನೆ, ಮತ್ತು ಅವನು ಸಹಜವಾಗಿಯೇ ಗೆಲ್ಲುವ ಕಡೆಗೆ, ಟಿವಿಯಲ್ಲಿ ಹೆಚ್ಚು ಕಾಣಿಸಿಕೊಳ್ಳುವ ಕಡೆಗೆ, ಎನ್‌ಎಫ್‌ಎಲ್‌ಗೆ ಹೆಚ್ಚು ಆಟಗಾರರನ್ನು ಕಳುಹಿಸಿದ ಕಡೆಗೆ ಹೋಗುತ್ತಾನೆ.

ಇದರ ಪರಿಣಾಮ ಒಂದರ ಹಿಂದೊಂದು ಬರುತ್ತದೆ. ಸೋತ ತಂಡಕ್ಕೆ ಒಳ್ಳೆಯ ಆಟಗಾರರು ಬರುವುದಿಲ್ಲ. ಆಟಗಾರರಿಲ್ಲದೆ ಮತ್ತೆ ಸೋಲು. ಸೋಲಿನಿಂದ ಕ್ರೀಡಾಂಗಣ ಖಾಲಿ, ದಾನಿಗಳು ನಿರಾಸಕ್ತರು. ಹಣವಿಲ್ಲದ್ದರಿಂದ ಒಳ್ಳೆಯ ತರಬೇತುದಾರ ಸಿಗುವುದಿಲ್ಲ, ಸಿಕ್ಕರೂ ಎರಡು ವರ್ಷ ಗೆದ್ದೊಡನೆ ದೊಡ್ಡ ಕಾಲೇಜು ಅವನನ್ನು ಸೆಳೆದುಕೊಳ್ಳುತ್ತದೆ.

ಬ್ಲೂಮಿಂಗ್ಟನ್‌ನಲ್ಲಿರುವ ಇಂಡಿಯಾನಾ ಈ ಸುಳಿಯಲ್ಲಿ ಒಂದು ಶತಮಾನಕ್ಕೂ ಹೆಚ್ಚು ಕಾಲ ಸುತ್ತಿತು. 1887ರಿಂದ ಫುಟ್‌ಬಾಲ್ ಆಡುತ್ತಿರುವ ಅದು 2025ಕ್ಕೆ ಮುಂಚೆ ಬಿಗ್ ಟೆನ್ ಪ್ರಶಸ್ತಿ ಗೆದ್ದದ್ದು ಎರಡೇ ಸಲ, 1945 ಮತ್ತು 1967ರಲ್ಲಿ. ಋತುವಿನ ಕೊನೆಯ ಗೌರವದ ಪಂದ್ಯಗಳಾದ ಬೌಲ್ ಪಂದ್ಯಗಳಲ್ಲಿ 1991ರ ನಂತರ ಗೆದ್ದಿರಲೇ ಇಲ್ಲ. ಒಂದು ಋತುವಿನಲ್ಲಿ ಹತ್ತು ಗೆಲುವು ಎಂಬುದು 2024ರವರೆಗೆ ಅದು ಕಂಡಿರದ ಸಂಖ್ಯೆ. ಊರಿನ ನಿಷ್ಠೆ ಬಾಸ್ಕೆಟ್‌ಬಾಲ್‌ಗೆ ಮೀಸಲಾಗಿತ್ತು: ಐದು ರಾಷ್ಟ್ರೀಯ ಪ್ರಶಸ್ತಿಗಳು, ಅವುಗಳಲ್ಲಿ ಮೂರು ತರಬೇತುದಾರ ಬಾಬ್ ನೈಟ್ ಅವರ ಕಾಲದವು. ಫುಟ್‌ಬಾಲ್ ಎಂದರೆ ಬಾಸ್ಕೆಟ್‌ಬಾಲ್ ಶುರುವಾಗುವ ತನಕ ಕಾಲ ಕಳೆಯುವ ಬಗೆ ಎಂಬ ಮಾತು ಅಲ್ಲಿನ ಮಟ್ಟಿಗೆ ಬರಿಯ ಗೇಲಿಯಾಗಿರಲಿಲ್ಲ.

ನಡುನಡುವೆ ಆಸೆ ಚಿಗುರಿದ್ದೂ ಉಂಟು. ತರಬೇತುದಾರ ಟಾಮ್ ಆಲನ್ ಅವರ ಕೈಕೆಳಗೆ 2019ರಲ್ಲಿ ಎಂಟು ಪಂದ್ಯ, ಕೋವಿಡ್‌ನಿಂದ ಮೊಟಕಾದ 2020ರ ಋತುವಿನಲ್ಲಿ ಎಂಟರಲ್ಲಿ ಆರು ಪಂದ್ಯ ಗೆದ್ದಾಗ ಕಾಯಂ ಬದಲಾವಣೆ ಬಂತೆಂದೇ ಭಾವಿಸಲಾಗಿತ್ತು. ಮುಂದಿನ ಮೂರು ಋತುಗಳಲ್ಲಿ ಗೆದ್ದದ್ದು ಕ್ರಮವಾಗಿ ಎರಡು, ನಾಲ್ಕು, ಮೂರು. 2023ರ ನವೆಂಬರ್‌ನಲ್ಲಿ ಆಲನ್ ಅವರನ್ನು ಮನೆಗೆ ಕಳುಹಿಸಲು ವಿಶ್ವವಿದ್ಯಾಲಯ ಸುಮಾರು 1.55 ಕೋಟಿ ಡಾಲರ್ ಪರಿಹಾರ ಕೊಡಬೇಕಾಯಿತು. ಸೋಲುವ ತಂಡಗಳು ಸೋಲಿಗೂ ಹೀಗೆ ದುಬಾರಿ ಬೆಲೆ ತೆರುತ್ತವೆ.

ಹಳೆಯ ದಾರಿ: ಕಾನ್ಸಾಸ್ ಸ್ಟೇಟ್ ನಡೆದದ್ದು

ಮುರಿದ ತಂಡವನ್ನು ಕಟ್ಟುವುದು ಹಿಂದೆ ಅಸಾಧ್ಯವಾಗಿತ್ತೆಂದಲ್ಲ. ಆದರೆ ಅದಕ್ಕೆ ಹಿಡಿಯುತ್ತಿದ್ದ ಕಾಲವೇ ಬೇರೆ. ಇದಕ್ಕೆ ಎಲ್ಲರೂ ಒಪ್ಪುವ ಉದಾಹರಣೆ ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯ. 1989ರಲ್ಲಿ ತರಬೇತುದಾರ ಬಿಲ್ ಸ್ನೈಡರ್ ಅಲ್ಲಿಗೆ ಬಂದಾಗ ಆ ತಂಡ 1986ರಿಂದಾಚೆಗೆ ಒಂದೇ ಒಂದು ಪಂದ್ಯ ಗೆದ್ದಿರಲಿಲ್ಲ. 500 ಸೋಲುಗಳ ಗಡಿ ದಾಟಿದ ಮೊದಲ ಕಾಲೇಜು ಎಂಬ ಅಪಕೀರ್ತಿಯೂ ಅದರದ್ದೇ. ಸ್ನೈಡರ್ ಅವರ ಮೊದಲ ವರ್ಷ ಒಂದು ಗೆಲುವು, ಎರಡನೆಯ ವರ್ಷ ಐದು, ಮೂರನೆಯ ವರ್ಷ ಏಳು. 1993ರಲ್ಲಿ, ಅಂದರೆ ಐದನೆಯ ವರ್ಷದಲ್ಲಿ, ಬೌಲ್ ಪಂದ್ಯವೊಂದರಲ್ಲಿ ಗೆಲುವು. ರಾಷ್ಟ್ರೀಯ ಪ್ರಶಸ್ತಿಯ ಹೊಸ್ತಿಲಿಗೆ ಬಂದದ್ದು ಹತ್ತನೆಯ ವರ್ಷವಾದ 1998ರಲ್ಲಿ.

ಸ್ನೈಡರ್ ಮಾಡಿದ್ದರಲ್ಲಿ ಮಾಯಮಂತ್ರ ಏನೂ ಇರಲಿಲ್ಲ. ದೊಡ್ಡ ಕಾಲೇಜುಗಳು ತಿರುಗಿ ನೋಡದ ಎರಡು ವರ್ಷದ ಜೂನಿಯರ್ ಕಾಲೇಜುಗಳಿಂದ ಅವರು ಆಟಗಾರರನ್ನು ತಂದರು. ಒಕ್ಕೂಟದ ಹೊರಗಿನ ಪಂದ್ಯಗಳಿಗೆ ಸುಲಭದ ಎದುರಾಳಿಗಳನ್ನು ಆರಿಸಿಕೊಂಡು ಗೆಲುವಿನ ರೂಢಿ ಮಾಡಿಸಿದರು. ಮತ್ತು ಬೇರೆ ಕಡೆಯ ಕರೆಗಳಿಗೆ ಓಗೊಡದೆ ಅಲ್ಲೇ ಉಳಿದರು. ವಿಶ್ವವಿದ್ಯಾಲಯವೂ ಕಾದಿತು. ಕಾಯದೆ ಬೇರೆ ದಾರಿಯೂ ಇರಲಿಲ್ಲ: ಒಬ್ಬ ಹೈಸ್ಕೂಲು ಆಟಗಾರನನ್ನು ತಂದು ಬೆಳೆಸಿ ಮೈದಾನಕ್ಕೆ ಇಳಿಸಲು ಮೂರು ವರ್ಷ ಬೇಕು, ಬೇರೆ ಕಾಲೇಜಿನಿಂದ ಬಂದವನು ಒಂದು ವರ್ಷ ಆಡದೆ ಕೂರಬೇಕು, ವರ್ಷಕ್ಕೆ ಇಷ್ಟೇ ಹೊಸ ಆಟಗಾರರನ್ನು ತೆಗೆದುಕೊಳ್ಳಬೇಕೆಂಬ ಮಿತಿ ಬೇರೆ. 23 ವರ್ಷ ಸತತವಾಗಿ ಗೆಲುವಿಗಿಂತ ಸೋಲನ್ನೇ ಹೆಚ್ಚು ಕಂಡಿದ್ದ ನಾರ್ತ್‌ವೆಸ್ಟರ್ನ್ 1995ರಲ್ಲಿ ಬಿಗ್ ಟೆನ್ ಗೆದ್ದು ರೋಸ್ ಬೌಲ್‌ಗೆ ಹೋದದ್ದು ಕೂಡ ತರಬೇತುದಾರ ಗ್ಯಾರಿ ಬಾರ್ನೆಟ್ ಅವರ ನಾಲ್ಕನೆಯ ಋತುವಿನಲ್ಲಿ. ಅದನ್ನು ಆ ಕಾಲದಲ್ಲಿ ಪವಾಡಸದೃಶ ವೇಗವೆಂದು ಬಣ್ಣಿಸಲಾಯಿತು.

ಮೂರು ತೀರ್ಪುಗಳು, ಒಂದು ಹೊಸ ಮಾರುಕಟ್ಟೆ

ಆ ಕಾಲಮಾನವನ್ನು ಬದಲಾಯಿಸಿದ್ದು ಯಾವ ತರಬೇತುದಾರನೂ ಅಲ್ಲ, ನ್ಯಾಯಾಲಯಗಳು. ಕಾಲೇಜು ಕ್ರೀಡೆಯನ್ನು ನಿಯಂತ್ರಿಸುವ ಎನ್‌ಸಿಎಎ ಎಂಬ ಸಂಸ್ಥೆ, ಆಟಗಾರರು ಹವ್ಯಾಸಿಗಳು, ಅವರಿಗೆ ಓದಿನ ಖರ್ಚಿನ ಹೊರತು ಬೇರೆ ಹಣ ಕೂಡದು ಎಂಬ ನಿಲುವನ್ನು ದಶಕಗಳ ಕಾಲ ಕಾಯ್ದುಕೊಂಡು ಬಂದಿತ್ತು. 2021ರ ಜೂನ್ 21ರಂದು ಅಮೆರಿಕದ ಸುಪ್ರೀಂ ಕೋರ್ಟು ಆಲ್‌ಸ್ಟನ್ ಪ್ರಕರಣದಲ್ಲಿ, ಒಂಬತ್ತೂ ನ್ಯಾಯಮೂರ್ತಿಗಳ ಒಮ್ಮತದಿಂದ, ಎನ್‌ಸಿಎಎ ಏಕಸ್ವಾಮ್ಯ ವಿರೋಧಿ ಕಾನೂನಿಗೆ ಹೊರತಲ್ಲ ಎಂದಿತು. ತೀರ್ಪಿನ ವ್ಯಾಪ್ತಿ ಚಿಕ್ಕದು; ಅದು ಓದಿಗೆ ಸಂಬಂಧಿಸಿದ ಸವಲತ್ತುಗಳಿಗೆ ಸೀಮಿತವಾಗಿತ್ತು. ಆದರೆ ಇನ್ನು ಮುಂದೆ ಪ್ರತಿಯೊಂದು ನಿರ್ಬಂಧವನ್ನೂ ನ್ಯಾಯಾಲಯದಲ್ಲಿ ಸಮರ್ಥಿಸಿಕೊಳ್ಳಬೇಕಾದೀತು ಎಂಬುದು ಎನ್‌ಸಿಎಎಗೆ ಅರ್ಥವಾಯಿತು. ಹತ್ತು ದಿನಗಳಲ್ಲಿ, ಜುಲೈ 1ರಿಂದ, ಆಟಗಾರರು ತಮ್ಮ ಹೆಸರು ಮತ್ತು ಚಿತ್ರವನ್ನು ಜಾಹೀರಾತಿಗೆ ಬಳಸಲು ಕೊಟ್ಟು ಹಣ ಪಡೆಯಬಹುದು ಎಂದಾಯಿತು. ಎನ್‌ಐಎಲ್ ಎಂಬ ಮೂರಕ್ಷರಗಳಿಂದ ಕರೆಯುವುದು ಇದನ್ನೇ. ದಾನಿಗಳು ಕೂಡಿ ನಿಧಿ ಕಟ್ಟಿ, ಜಾಹೀರಾತಿನ ನೆಪದಲ್ಲಿ ಸಂಬಳ ಕೊಡುವ ಪದ್ಧತಿ ಬೆಳೆಯಲು ಹೆಚ್ಚು ಕಾಲ ಹಿಡಿಯಲಿಲ್ಲ.

ಅದೇ ವರ್ಷದ ಏಪ್ರಿಲ್‌ನಲ್ಲಿ, ಒಂದು ಸಲ ಕಾಲೇಜು ಬದಲಿಸಿದರೆ ಆಡದೆ ಕೂರಬೇಕಿಲ್ಲ ಎಂಬ ನಿಯಮ ಬಂದಿತ್ತು. 2023ರ ಡಿಸೆಂಬರ್‌ನಲ್ಲಿ ವೆಸ್ಟ್ ವರ್ಜೀನಿಯಾದ ಫೆಡರಲ್ ನ್ಯಾಯಾಲಯವೊಂದು, ಎರಡನೆಯ ಸಲ ಬದಲಿಸಿದವರನ್ನೂ ಕೂರಿಸಬಾರದು ಎಂದು ತಡೆಯಾಜ್ಞೆ ನೀಡಿತು. 2024ರ ಏಪ್ರಿಲ್‌ನಲ್ಲಿ ಎನ್‌ಸಿಎಎ ತಾನೇ ನಿಯಮ ಬದಲಿಸಿ, ಓದಿನ ಅರ್ಹತೆ ಉಳಿಸಿಕೊಂಡವರು ಎಷ್ಟು ಸಲ ಬೇಕಾದರೂ ಹೋಗಬಹುದು ಎಂದಿತು. ವರ್ಷಕ್ಕೆ 25 ಹೊಸ ಆಟಗಾರರೆಂಬ ಮಿತಿಯನ್ನು ಅದಕ್ಕೂ ಮೊದಲೇ ಸಡಿಲಿಸಲಾಗಿತ್ತು. ಕಾಲೇಜು ಬಿಡಲು ಬಯಸುವವರು ಹೆಸರು ನೋಂದಾಯಿಸುವ ಟ್ರಾನ್ಸ್‌ಫರ್ ಪೋರ್ಟಲ್, 2018ರಲ್ಲಿ ಕಚೇರಿಯ ಅನುಕೂಲಕ್ಕೆಂದು ಹುಟ್ಟಿದ ಕಂಪ್ಯೂಟರ್ ಪಟ್ಟಿ, ಹೀಗೆ ಆಟಗಾರರ ಸಂತೆಯಾಯಿತು.

ಮೂರನೆಯದು ಹೌಸ್ ಪ್ರಕರಣದ ರಾಜಿ. 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಇದಕ್ಕೆ ಅಂತಿಮ ಒಪ್ಪಿಗೆ ಕೊಟ್ಟರು. ಹಿಂದಿನ ಆಟಗಾರರಿಗೆ ಸುಮಾರು 280 ಕೋಟಿ ಡಾಲರ್ ಪರಿಹಾರ ಕೊಡುವುದರ ಜೊತೆಗೆ, ಇನ್ನು ಮುಂದೆ ವಿಶ್ವವಿದ್ಯಾಲಯಗಳೇ ತಮ್ಮ ಆದಾಯದಿಂದ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು ಎಂದು ಇದು ಹೇಳುತ್ತದೆ. ಮೊದಲ ವರ್ಷಕ್ಕೆ ಮಿತಿ, ಎಲ್ಲ ಆಟಗಳೂ ಸೇರಿ, ಒಂದು ವಿಶ್ವವಿದ್ಯಾಲಯಕ್ಕೆ ಸುಮಾರು 2.05 ಕೋಟಿ ಡಾಲರ್. ಇದರ ಸಿಂಹಪಾಲು ಸಾಮಾನ್ಯವಾಗಿ ಫುಟ್‌ಬಾಲ್‌ಗೆ ಹೋಗುತ್ತದೆ.

ಈ ಮೂರೂ ಕೂಡಿದಾಗ ಸೋಲುವ ತಂಡಕ್ಕೆ ಏನು ಸಿಕ್ಕಿತು? ಹದಿನೇಳರ ಹುಡುಗನ ಮನವೊಲಿಸಿ ಮೂರು ವರ್ಷ ಕಾಯುವ ಬದಲು, ಬೇರೆ ಕಡೆ ಈಗಾಗಲೇ ಆಡಿ ತೋರಿಸಿದ ಇಪ್ಪತ್ತೆರಡರ ಆಟಗಾರನನ್ನು ಕರೆದುತಂದು ಎಂಟು ತಿಂಗಳಲ್ಲಿ ಮೈದಾನಕ್ಕೆ ಇಳಿಸುವ ಅವಕಾಶ. ಇದರ ಜೊತೆಗೆ 2024ರಲ್ಲಿ ರಾಷ್ಟ್ರೀಯ ಪ್ಲೇ-ಆಫ್ ನಾಲ್ಕು ತಂಡಗಳಿಂದ ಹನ್ನೆರಡಕ್ಕೆ ವಿಸ್ತರಿಸಿದ್ದರಿಂದ, ಗೆಲ್ಲಲು ಆರಂಭಿಸಿದ ಹೊಸಬರಿಗೆ ಬಾಗಿಲೂ ಅಗಲವಾಯಿತು.

ಸಿಗ್ನೆಟಿ ಆರಿಸಿದ ಬಗೆ

ಅವಕಾಶ ಎಲ್ಲರಿಗೂ ಸಿಕ್ಕಿತ್ತು. ಬಳಸಿಕೊಂಡ ಬಗೆಯಲ್ಲಿ ವ್ಯತ್ಯಾಸವಿದೆ. 2023ರ ನವೆಂಬರ್ 30ರಂದು ಇಂಡಿಯಾನಾ ನೇಮಿಸಿಕೊಂಡ ಕರ್ಟ್ ಸಿಗ್ನೆಟಿ ಅವರಿಗೆ ಆಗ 62 ವರ್ಷ. ಅವರು ದೇಶ ಮಾತಾಡಿಕೊಳ್ಳುವ ಹೆಸರಾಗಿರಲಿಲ್ಲ. ಅಲಬಾಮಾದಲ್ಲಿ ಹೆಸರಾಂತ ತರಬೇತುದಾರ ನಿಕ್ ಸೇಬನ್ ಅವರ ಸಹಾಯಕರಾಗಿದ್ದವರು ಆ ಕೆಲಸ ಬಿಟ್ಟು, ಪೆನ್ಸಿಲ್ವೇನಿಯಾದ ಕೆಳದರ್ಜೆಯ ಕಾಲೇಜೊಂದರಲ್ಲಿ ಮುಖ್ಯ ತರಬೇತುದಾರರಾಗಿ, ಅಲ್ಲಿಂದ ಈಲಾನ್ ವಿಶ್ವವಿದ್ಯಾಲಯ, ಅಲ್ಲಿಂದ ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿದ್ದರು. ಎಲ್ಲಿಯೂ ಒಂದು ಋತುವನ್ನೂ ಗೆಲುವಿಗಿಂತ ಹೆಚ್ಚು ಸೋಲುಗಳೊಂದಿಗೆ ಮುಗಿಸಿರಲಿಲ್ಲ. ಆಟಗಾರರನ್ನು ಹೇಗೆ ನಂಬಿಸುತ್ತೀರಿ ಎಂದು ಪತ್ರಕರ್ತರು ಕೇಳಿದಾಗ, 'ನಾನು ಗೆಲ್ಲುತ್ತೇನೆ, ಗೂಗಲ್ ಮಾಡಿ ನೋಡಿ' ಎಂದ ಅವರ ಮಾತು ಮೊದಮೊದಲು ನಗೆಪಾಟಲಿಗೂ ಆಮೇಲೆ ಅಂಗಿಗಳ ಮೇಲಿನ ಬರಹಕ್ಕೂ ವಸ್ತುವಾಯಿತು.

ಜೇಮ್ಸ್ ಮ್ಯಾಡಿಸನ್‌ನಿಂದ ಹದಿಮೂರು ಆಟಗಾರರು ಅವರ ಹಿಂದೆ ಬಂದರು. ಸಹಾಯಕ ತರಬೇತುದಾರರಾದ, ದಾಳಿಯ ಹೊಣೆಯ ಮೈಕ್ ಶಾನಹನ್, ರಕ್ಷಣೆಯ ಹೊಣೆಯ ಬ್ರಯಂಟ್ ಹೇನ್ಸ್ ಕೂಡ ಅಲ್ಲಿಂದಲೇ ಬಂದವರು. ಈ ವಿವರ ಮುಖ್ಯ, ಏಕೆಂದರೆ ಪೋರ್ಟಲ್‌ನಿಂದ ತಂದ ತಂಡಗಳ ದೊಡ್ಡ ತೊಂದರೆಯೇ ಅಪರಿಚಿತರ ಗುಂಪನ್ನು ಒಂದು ಪದ್ಧತಿಗೆ ಹೊಂದಿಸುವುದು. ಇಂಡಿಯಾನಾಕ್ಕೆ ಬಂದದ್ದು ಪದ್ಧತಿ ಗೊತ್ತಿದ್ದ ಒಂದು ಬಳಗ. ಹೊಸಬರು ಆ ತಿರುಳಿನ ಸುತ್ತ ಸೇರಿಕೊಂಡರು. ಎಸೆದ ಚೆಂಡನ್ನು ಓಡಿ ಹಿಡಿಯುವ ವೈಡ್ ರಿಸೀವರ್ ಎಲೈಜಾ ಸ್ಯಾರಟ್ ಅವರ ಹಾದಿ ಇಡೀ ತಂಡದ ಮಾದರಿ: ಪೆನ್ಸಿಲ್ವೇನಿಯಾದ ಪುಟ್ಟ ಸೇಂಟ್ ಫ್ರಾನ್ಸಿಸ್ ಕಾಲೇಜು, ನಂತರ ಜೇಮ್ಸ್ ಮ್ಯಾಡಿಸನ್, ನಂತರ ಇಂಡಿಯಾನಾ. ಹೈಸ್ಕೂಲಿನಲ್ಲಿ ನೇಮಕಾತಿ ಜಾಲತಾಣಗಳು ಕೊಡುವ ನಕ್ಷತ್ರಗಳ ಲೆಕ್ಕದಲ್ಲಿ ಈ ತಂಡದ ಬಹುಪಾಲು ಆಟಗಾರರು ಮೂರು ನಕ್ಷತ್ರದವರು ಅಥವಾ ಅದಕ್ಕೂ ಕೆಳಗಿನವರು. ಮುಂದೆ ಏನಾಗಬಲ್ಲರು ಎಂಬ ಊಹೆಯ ಬದಲು ಈಗಾಗಲೇ ಏನು ಮಾಡಿದ್ದಾರೆ ಎಂಬ ದಾಖಲೆಯನ್ನು ನೋಡಿ ಆರಿಸುವುದು ಸಿಗ್ನೆಟಿ ಅವರ ರೀತಿ, ಮತ್ತು ಅವರೇ ಅದನ್ನು ಹಲವು ಸಲ ಹೇಳಿದ್ದಾರೆ.

ಫಲ ಮೊದಲ ವರ್ಷವೇ ಬಂತು. 2024ರಲ್ಲಿ ಹನ್ನೊಂದು ಗೆಲುವು, ಎರಡು ಸೋಲು, ಪ್ಲೇ-ಆಫ್‌ನ ಮೊದಲ ಸುತ್ತಿನಲ್ಲಿ ನಾಟರ್ ಡೇಮ್ ಎದುರು ನಿರ್ಗಮನ. ಎದುರಾಳಿಗಳು ಸುಲಭದವರಾಗಿದ್ದರು ಎಂಬ ಟೀಕೆ ಆಗ ಜೋರಾಗಿತ್ತು, ಅದರಲ್ಲಿ ಸ್ವಲ್ಪ ಹುರುಳೂ ಇತ್ತು. 2025ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ದಾಳಿಯನ್ನು ನಡೆಸುವ ಆಟಗಾರ, ಫರ್ನಾಂಡೊ ಮೆಂಡೋಜಾ ಬಂದರು. ಆರೆಗಾನ್ ತಂಡವನ್ನು ಅದರ ನೆಲದಲ್ಲೇ ಸೋಲಿಸಿ, ಒಕ್ಕೂಟದ ಅಂತಿಮ ಪಂದ್ಯದಲ್ಲಿ ಓಹಾಯೊ ಸ್ಟೇಟ್ ಅನ್ನು 13-10ರಿಂದ ಮಣಿಸಿ, ರೋಸ್ ಬೌಲ್‌ನಲ್ಲಿ ಅಲಬಾಮಾವನ್ನು 38-3ರಿಂದ ಧೂಳೀಪಟ ಮಾಡಿದ ಮೇಲೆ ಆ ಟೀಕೆಗೆ ಜಾಗ ಉಳಿಯಲಿಲ್ಲ. ವರ್ಷದ ಶ್ರೇಷ್ಠ ಆಟಗಾರನಿಗೆ ಸಲ್ಲುವ ಹೈಸ್‌ಮನ್ ಪ್ರಶಸ್ತಿ ಮೆಂಡೋಜಾ ಅವರಿಗೆ ಬಂತು; ಇಂಡಿಯಾನಾದ ಆಟಗಾರನಿಗೆ ಅದು ಬಂದದ್ದು ಅದೇ ಮೊದಲು.

ಹಣವೇ ಎಲ್ಲವೂ ಎಂಬ ವಾದ

ಇದೆಲ್ಲ ಕೊಂಡುಕೊಂಡ ಗೆಲುವು ಎಂಬುದು ಒಂದು ಪಕ್ಷದ ವಾದ. ಅದಕ್ಕೆ ಆಧಾರವಿಲ್ಲದೆ ಇಲ್ಲ. ಇಂಡಿಯಾನಾ ಬಡ ಸಂಸ್ಥೆಯಲ್ಲ. ಬಿಗ್ ಟೆನ್ ಒಕ್ಕೂಟ 2022ರಲ್ಲಿ ಫಾಕ್ಸ್, ಸಿಬಿಎಸ್, ಎನ್‌ಬಿಸಿ ವಾಹಿನಿಗಳೊಂದಿಗೆ ಮಾಡಿಕೊಂಡ ಏಳು ವರ್ಷಗಳ ಒಪ್ಪಂದದ ಮೌಲ್ಯ 700 ಕೋಟಿ ಡಾಲರ್‌ಗೂ ಹೆಚ್ಚು. ಅದರಲ್ಲಿ ಹಳೆಯ ಸದಸ್ಯರೆಲ್ಲರಿಗೂ, ಗೆದ್ದವರಿಗೂ ಸೋತವರಿಗೂ, ಸಮಪಾಲು. ಅಂದರೆ ಇಂಡಿಯಾನಾ ಸೋಲುತ್ತಿದ್ದಾಗಲೂ ಓಹಾಯೊ ಸ್ಟೇಟ್ ಮತ್ತು ಮಿಶಿಗನ್ ತಂಡಗಳ ಜನಪ್ರಿಯತೆ ತಂದ ಹಣದಲ್ಲಿ ಪಾಲು ಪಡೆಯುತ್ತಿತ್ತು. ಇದರ ಮೇಲೆ ಬಹು ದೊಡ್ಡ ಹಳೆವಿದ್ಯಾರ್ಥಿ ಬಳಗ, ಅದರಲ್ಲಿ ಮಾರ್ಕ್ ಕ್ಯೂಬನ್ ಅಂಥ ಶತಕೋಟ್ಯಧಿಪತಿಗಳು. 2025ರ ಅಕ್ಟೋಬರ್‌ನಲ್ಲಿ ಪೆನ್ ಸ್ಟೇಟ್ ತನ್ನ ತರಬೇತುದಾರನನ್ನು ತೆಗೆದುಹಾಕಿ, ಪೆನ್ಸಿಲ್ವೇನಿಯಾದವರೇ ಆದ ಸಿಗ್ನೆಟಿ ಅವರ ಹೆಸರು ಕೇಳಿಬರತೊಡಗಿದ ಕೆಲವೇ ದಿನಗಳಲ್ಲಿ ಇಂಡಿಯಾನಾ ಅವರಿಗೆ ಎಂಟು ವರ್ಷಗಳ, ಸುಮಾರು 9.3 ಕೋಟಿ ಡಾಲರ್‌ಗಳ ಹೊಸ ಒಪ್ಪಂದ ಕೊಟ್ಟಿತು. ಸಣ್ಣ ಕಾಲೇಜುಗಳು ಸೋಲುವುದು ಈ ಹಂತದಲ್ಲಿಯೇ: ಕಟ್ಟುವವನನ್ನು ಹುಡುಕುವುದರಲ್ಲಿ ಅಲ್ಲ, ಉಳಿಸಿಕೊಳ್ಳುವುದರಲ್ಲಿ.

ಆದರೆ ಹಣವೇ ಸಾಕಾಗಿದ್ದರೆ ಹಲವು ಸಂಗತಿಗಳಿಗೆ ವಿವರಣೆ ಸಿಗುವುದಿಲ್ಲ. ಇಂಡಿಯಾನಾ ರಾಜ್ಯದ್ದೇ ಇನ್ನೊಂದು ವಿಶ್ವವಿದ್ಯಾಲಯ, ವೆಸ್ಟ್ ಲಫಯೆಟ್‌ನ ಪರ್ಡ್ಯೂ, ಇದೇ ಒಕ್ಕೂಟದಲ್ಲಿದೆ. ಟಿವಿ ಹಣದಲ್ಲಿ ಅದಕ್ಕೂ ಅಷ್ಟೇ ಪಾಲು. ನಮ್ಮ ಎಷ್ಟೋ ಎಂಜಿನಿಯರಿಂಗ್ ಪದವೀಧರರು ಉನ್ನತ ಶಿಕ್ಷಣಕ್ಕೆ ಹೋಗುವ ಸಂಸ್ಥೆಯಾದ್ದರಿಂದ ಹೆಸರು ಇಲ್ಲಿಯವರಿಗೂ ಪರಿಚಿತ. 2022ರಲ್ಲಿ ಒಕ್ಕೂಟದ ಪಶ್ಚಿಮ ವಿಭಾಗವನ್ನು ಗೆದ್ದಿದ್ದ ಅದು, ಅದನ್ನು ಕಟ್ಟಿದ್ದ ಜೆಫ್ ಬ್ರಾಮ್ ಲೂಯಿವಿಲ್‌ಗೆ ಹೋದ ಮೇಲೆ 2024ರಲ್ಲಿ ಒಂದು, 2025ರಲ್ಲಿ ಎರಡು ಪಂದ್ಯ ಮಾತ್ರ ಗೆದ್ದಿತು. 2024ರಲ್ಲಿ ಇಂಡಿಯಾನಾ ಅದನ್ನು ಸೋಲಿಸಿದ ಅಂತರ 66-0. ಕೊಲೊರಾಡೊ 2022ರಲ್ಲಿ ಒಂದೇ ಪಂದ್ಯ ಗೆದ್ದಿದ್ದಾಗ ಮಾಜಿ ತಾರೆ ಡಿಯಾನ್ ಸ್ಯಾಂಡರ್ಸ್ ಬಂದು, ಪೋರ್ಟಲ್‌ನಿಂದ ಐವತ್ತಕ್ಕೂ ಹೆಚ್ಚು ಜನರನ್ನು ತಂದು ಇಡೀ ತಂಡವನ್ನೇ ಬದಲಿಸಿದರು. ನಾಲ್ಕು ಗೆಲುವು, ಆಮೇಲೆ ಒಂಬತ್ತು ಗೆಲುವು. ತಾರೆಗಳಾದ ಟ್ರಾವಿಸ್ ಹಂಟರ್ ಮತ್ತು ಶೆಡೂರ್ ಸ್ಯಾಂಡರ್ಸ್ ಹೊರಟ ಮೇಲೆ 2025ರಲ್ಲಿ ಮತ್ತೆ ಮೂರಕ್ಕೆ ಇಳಿಯಿತು. ಇನ್ನು ಫ್ಲಾರಿಡಾ ಸ್ಟೇಟ್: 2023ರಲ್ಲಿ ಹದಿಮೂರು ಗೆಲುವು, 2024ರಲ್ಲಿ ಎರಡು. ಏರುವ ವೇಗದಲ್ಲಿಯೇ ಇಳಿಯುವುದೂ ಈಗ ಸಾಧ್ಯವೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಎದುರು ಪಕ್ಷ ವ್ಯಾಂಡರ್‌ಬಿಲ್ಟ್ ಕಡೆಗೆ ಬೆರಳು ತೋರಿಸುತ್ತದೆ. ಎಸ್‌ಇಸಿ ಒಕ್ಕೂಟದ ಈ ಖಾಸಗಿ ವಿಶ್ವವಿದ್ಯಾಲಯ 2023ರಲ್ಲಿ ಎರಡು ಪಂದ್ಯ ಗೆದ್ದಿತ್ತು. ಆಗಲೂ ತರಬೇತುದಾರ ಕ್ಲಾರ್ಕ್ ಲೀ ಅವರನ್ನು ತೆಗೆಯಲಿಲ್ಲ. ಮರುವರ್ಷ ನ್ಯೂ ಮೆಕ್ಸಿಕೊ ಸ್ಟೇಟ್‌ನಿಂದ ಬಂದ ಡಿಯೇಗೊ ಪವಿಯಾ ಎಂಬ ಕುಳ್ಳ ಕ್ವಾರ್ಟರ್‌ಬ್ಯಾಕ್, ಆಗ ಅಗ್ರಸ್ಥಾನದಲ್ಲಿದ್ದ ಅಲಬಾಮಾವನ್ನು 40-35ರಿಂದ ಸೋಲಿಸಿಕೊಟ್ಟರು. ನ್ಯಾಶ್‌ವಿಲ್‌ನ ಅಭಿಮಾನಿಗಳು ಗೋಲ್‌ಕಂಬವನ್ನು ಕಿತ್ತು ಹೊತ್ತೊಯ್ದು ಕಂಬರ್ಲೆಂಡ್ ನದಿಗೆ ಎಸೆದರು. 2025ರಲ್ಲಿ ಆ ವಿಶ್ವವಿದ್ಯಾಲಯ ತನ್ನ ಚರಿತ್ರೆಯಲ್ಲೇ ಮೊದಲ ಬಾರಿ ಹತ್ತು ಪಂದ್ಯ ಗೆದ್ದಿತು.

ಈ ಪ್ರಕರಣಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಹಣ ಪ್ರವೇಶ ಶುಲ್ಕವೇ ಹೊರತು ಫಲಿತಾಂಶವಲ್ಲ ಎಂಬುದು ತೋರುತ್ತದೆ. ಹೌಸ್ ರಾಜಿಯ ಮಿತಿ, ಕಾಗದದ ಮೇಲಾದರೂ, ಶ್ರೀಮಂತ ಒಕ್ಕೂಟಗಳ ಒಳಗೆ ಈ ಶುಲ್ಕವನ್ನು ಸಮ ಮಾಡಿದೆ. ಹಾಗಾದಾಗ ವ್ಯತ್ಯಾಸ ಹುಟ್ಟುವುದು ಆಯ್ಕೆ ಮಾಡುವವರ ಕಣ್ಣಿನಲ್ಲಿ ಮತ್ತು ಆ ಕಣ್ಣಿದ್ದವರು ಎಷ್ಟು ವರ್ಷ ಒಂದೆಡೆ ನಿಲ್ಲುತ್ತಾರೆ ಎಂಬುದರಲ್ಲಿ. ಇದು ಸೋಲುವ ತಂಡಗಳಿಗೆ ನಿಜವಾದ ಶುಭವಾರ್ತೆ. ಆದರೆ ಶ್ರೀಮಂತ ಒಕ್ಕೂಟಗಳ ಒಳಗಿರುವ ಸೋಲುವ ತಂಡಗಳಿಗೆ ಮಾತ್ರ.

ಬೆಲೆ ತೆರುವವರು ಯಾರು

ಒಬ್ಬರ ಪುನರ್ನಿರ್ಮಾಣ ಇನ್ನೊಬ್ಬರ ತಂಡವನ್ನು ಬಿಚ್ಚಿ ತಂದ ಸಾಮಗ್ರಿಯಿಂದ ಆಗುತ್ತದೆ. ಜೇಮ್ಸ್ ಮ್ಯಾಡಿಸನ್ ಹದಿಮೂರು ಆಟಗಾರರನ್ನೂ ತರಬೇತುದಾರರನ್ನೂ ಕಳೆದುಕೊಂಡಿತು. ಸ್ವಾರಸ್ಯವೆಂದರೆ ಅದು ಕುಸಿಯಲಿಲ್ಲ; ಹೊಸ ತರಬೇತುದಾರ ಬಾಬ್ ಚೆಸ್ನಿ ಅವರ ಕೈಕೆಳಗೆ 2025ರಲ್ಲಿ ತಾನೂ ಪ್ಲೇ-ಆಫ್ ತಲುಪಿತು. ಆದರೆ ಚೆಸ್ನಿ ಅವರನ್ನೂ ಯುಸಿಎಲ್‌ಎ ಕರೆದುಕೊಂಡಿತು. ಸಣ್ಣ ಕಾಲೇಜು ಎಷ್ಟೇ ಚೆನ್ನಾಗಿ ನಡೆದರೂ ದೊಡ್ಡವರಿಗೆ ನರ್ಸರಿಯಾಗಿ ಉಳಿಯುವ ಸ್ಥಿತಿ ಇದು.

ಹೈಸ್ಕೂಲು ಆಟಗಾರರ ಕಷ್ಟ ಅಷ್ಟಾಗಿ ಸುದ್ದಿಯಾಗುವುದಿಲ್ಲ. ಹೌಸ್ ರಾಜಿಯ ಪ್ರಕಾರ ಫುಟ್‌ಬಾಲ್ ತಂಡದಲ್ಲಿ 105 ಜನರಿಗೆ ಮಾತ್ರ ಸ್ಥಾನ. ಅದರಲ್ಲಿ ಪಳಗಿದ ವಲಸಿಗರಿಗೆ ಹೆಚ್ಚು ಜಾಗ ಕೊಟ್ಟಷ್ಟೂ ಹೊಸಬರಿಗೆ ಕಡಿಮೆ. ಇದರಲ್ಲಿ ಒಂದು ತಾತ್ಕಾಲಿಕ ಅಂಶವೂ ಸೇರಿದೆ: ಕೋವಿಡ್ ವರ್ಷ ಆಡಿದವರಿಗೆಲ್ಲ ಎನ್‌ಸಿಎಎ ಒಂದು ಹೆಚ್ಚುವರಿ ವರ್ಷ ಕೊಟ್ಟಿದ್ದರಿಂದ ಅನುಭವಿ ಆಟಗಾರರು ಮಾರುಕಟ್ಟೆಯಲ್ಲಿ ಎಂದಿಲ್ಲದಷ್ಟು ಸಂಖ್ಯೆಯಲ್ಲಿದ್ದರು. 2024ರಲ್ಲಿ ಇಂಡಿಯಾನಾದ ಕ್ವಾರ್ಟರ್‌ಬ್ಯಾಕ್ ಆಗಿದ್ದ ಕರ್ಟಿಸ್ ರೌರ್ಕ್ ಆರನೆಯ ವರ್ಷದ ಆಟಗಾರ. ಆ ಪೀಳಿಗೆ ಈಗ ಹೆಚ್ಚುಕಡಿಮೆ ಮುಗಿದಿದೆ. ಇಂಡಿಯಾನಾದ ಮಾದರಿಯನ್ನು ಇಂದು ನಕಲು ಮಾಡಹೊರಟವರಿಗೆ ಅಷ್ಟೇ ಸಮೃದ್ಧ ಸಂತೆ ಸಿಗಲಾರದು.

ವಿಶ್ವವಿದ್ಯಾಲಯದ ಒಳಗಿನ ಆಕ್ಷೇಪ ಇನ್ನೊಂದು ತೆರನದು. 2025ರ ಬೇಸಿಗೆಯಲ್ಲಿ, ರಾಜ್ಯದ ಹೊಸ ಕಾನೂನು ಕಡಿಮೆ ಪದವೀಧರರಿರುವ ಕೋರ್ಸುಗಳಿಗೆ ಮಿತಿ ಹೇರಿದ್ದರಿಂದ, ಬ್ಲೂಮಿಂಗ್ಟನ್ ಕ್ಯಾಂಪಸ್ಸೊಂದರಲ್ಲಿಯೇ ನೂರಕ್ಕೂ ಹೆಚ್ಚು ಕೋರ್ಸುಗಳನ್ನು ನಿಲ್ಲಿಸುವ ಇಲ್ಲವೇ ಬೇರೆಯದರೊಂದಿಗೆ ವಿಲೀನಗೊಳಿಸುವ ತೀರ್ಮಾನವಾಯಿತು. ಅವುಗಳಲ್ಲಿ ಭಾಷೆ, ಮಾನವಿಕ ವಿಷಯಗಳು ಬಹಳಷ್ಟಿದ್ದವು. ಕೆಲವೇ ತಿಂಗಳಲ್ಲಿ ತರಬೇತುದಾರರ 9.3 ಕೋಟಿ ಡಾಲರ್ ಸುದ್ದಿ ಬಂತು. ಎರಡಕ್ಕೂ ನೇರ ಸಂಬಂಧವಿಲ್ಲ ಎಂಬ ಆಡಳಿತದ ಸಮರ್ಥನೆ ಲೆಕ್ಕಪತ್ರದ ದೃಷ್ಟಿಯಿಂದ ಸರಿ. ಕ್ರೀಡಾ ವಿಭಾಗದ ಆದಾಯ ಟಿವಿ, ಟಿಕೆಟ್, ದಾನಗಳಿಂದ ಬರುತ್ತದೆ. ಕೋರ್ಸುಗಳನ್ನು ನಿಲ್ಲಿಸಿದ್ದು ಶಾಸನ ಸಭೆಯ ಕಾನೂನು. ಹಾಗಿದ್ದರೂ ಒಂದು ಸಂಸ್ಥೆ ಯಾವುದಕ್ಕೆ ತರಾತುರಿಯಿಂದ ಹಣ ಹೊಂದಿಸುತ್ತದೆ, ಯಾವುದನ್ನು ಸದ್ದಿಲ್ಲದೆ ಬಿಟ್ಟುಕೊಡುತ್ತದೆ ಎಂಬ ಪ್ರಶ್ನೆಗೆ ಲೆಕ್ಕಪತ್ರ ಉತ್ತರವಾಗುವುದಿಲ್ಲ. ಟೆನಸಿ ವಿಶ್ವವಿದ್ಯಾಲಯವಂತೂ ಆಟಗಾರರಿಗೆ ಕೊಡುವ ಹಣಕ್ಕೆಂದೇ ಋತುವಿನ ಟಿಕೆಟ್ ಮೇಲೆ ಶೇ. 10ರಷ್ಟು ಹೆಚ್ಚುವರಿ ದರವನ್ನು 2024ರಲ್ಲೇ ಘೋಷಿಸಿತು.

ಮುಂದಿನ ತಿರುವುಗಳು

ಈಗಿರುವ ವ್ಯವಸ್ಥೆ ಹೀಗೆಯೇ ಉಳಿಯುವುದು ಅನುಮಾನ, ಏಕೆಂದರೆ ಅದರಿಂದ ಯಾರಿಗೂ ಪೂರ್ತಿ ಸಮಾಧಾನವಿಲ್ಲ. ಎನ್‌ಸಿಎಎ ಮತ್ತು ದೊಡ್ಡ ಒಕ್ಕೂಟಗಳು ಏಕಸ್ವಾಮ್ಯ ವಿರೋಧಿ ಕಾನೂನಿನಿಂದ ರಕ್ಷಣೆ ಕೊಡಬೇಕೆಂದು ಅಮೆರಿಕದ ಸಂಸತ್ತನ್ನು ಕೇಳುತ್ತಿವೆ. ಆ ರಕ್ಷಣೆ ಸಿಕ್ಕರೆ ವರ್ಗಾವಣೆಗೆ, ಸಂಬಳಕ್ಕೆ ಮತ್ತೆ ಲಗಾಮು ಹಾಕಬಹುದು. ಇದಕ್ಕೆಂದೇ ಮಂಡಿಸಿದ, ಆಟಗಾರರು ನೌಕರರಲ್ಲ ಎಂದೂ ಘೋಷಿಸುವ ಸ್ಕೋರ್ ಮಸೂದೆ 2025ರ ಡಿಸೆಂಬರ್‌ನಲ್ಲಿ ಪ್ರತಿನಿಧಿ ಸಭೆಯಲ್ಲಿ ಮತಕ್ಕೆ ಬರಬೇಕಿದ್ದು, ಬೆಂಬಲ ಸಾಲದೆ ಹಿಂದೆ ಸರಿಯಿತು. ಆಟಗಾರರ ಪರ ವಾದಿಸುವವರು ಹೇಳುವುದು ಇದಕ್ಕೆ ವಿರುದ್ಧ: ಲಗಾಮು ಬೇಕಿದ್ದರೆ ಆಟಗಾರರನ್ನು ನೌಕರರೆಂದು ಒಪ್ಪಿ, ಅವರ ಸಂಘದೊಂದಿಗೆ ಕೂತು ಕರಾರು ಮಾಡಿಕೊಳ್ಳಿ, ಎನ್‌ಎಫ್‌ಎಲ್ ಮಾಡುವುದೂ ಅದನ್ನೇ. ಕಾನೂನಿನ ಮಟ್ಟಿಗೆ ಎರಡನೆಯ ದಾರಿ ಹೆಚ್ಚು ಗಟ್ಟಿ. ರಾಜಕೀಯವಾಗಿ ಅದಕ್ಕೆ ಸದ್ಯ ಬೆಂಬಲ ಕಡಿಮೆ.

ಸೋಲುವ ತಂಡಗಳ ದೃಷ್ಟಿಯಿಂದ ನೋಡಿದರೆ ಇಲ್ಲೊಂದು ವಿಚಿತ್ರವಿದೆ. ಶಿಸ್ತು ತರುತ್ತೇವೆಂದು ವರ್ಗಾವಣೆಯನ್ನು ಬಿಗಿಗೊಳಿಸಿದರೆ ಮೊದಲು ಮುಚ್ಚುವುದು ಅವರಿಗೆ ಈಗಷ್ಟೇ ತೆರೆದ ಬಾಗಿಲು. ಆಟಗಾರರು ಮತ್ತೆ ಸೇರಿದ ಕಡೆಯೇ ಉಳಿಯಬೇಕಾದರೆ ಹೈಸ್ಕೂಲಿನಲ್ಲಿ ಹೆಸರು ಮಾಡಿದವರನ್ನು ಸೆಳೆಯುವ ಹಳೆಯ ಶ್ರೀಮಂತರ ಕೈ ಮತ್ತೆ ಮೇಲಾಗುತ್ತದೆ. ಸಂಬಳದ ಮಿತಿಯನ್ನು ಬಿಗಿಗೊಳಿಸಿದರೆ ಮಾತ್ರ ಪರಿಣಾಮ ತಿರುಗುಮುರುಗಾಗಿ, ಮಧ್ಯಮ ಹಣಬಲದ ತಂಡಗಳಿಗೆ ಲಾಭವಾಗುತ್ತದೆ. ಆದ್ದರಿಂದ ಸುಧಾರಣೆ ಎಂಬ ಒಂದೇ ಹೆಸರಿನಡಿ ಬರುವ ಈ ಎರಡು ನಿಯಮಗಳನ್ನು ಬಿಡಿಸಿ ನೋಡುವುದು ಅಗತ್ಯ.

ಇಂಡಿಯಾನಾದ ಗೆಲುವಿನ ಇನ್ನೊಂದು ಪರಿಣಾಮ ಈಗಾಗಲೇ ಕಾಣುತ್ತಿದೆ, ಅದು ತಾಳ್ಮೆಯ ಕೊರತೆ. ಎರಡು ವರ್ಷಗಳಲ್ಲಿ ಇಷ್ಟು ಸಾಧ್ಯವೆಂದ ಮೇಲೆ ಮೂರನೆಯ ವರ್ಷಕ್ಕೆ ಕಾಯುವುದೇಕೆ ಎಂದು ದಾನಿಗಳು ಕೇಳುತ್ತಾರೆ. 2025ರ ಅಕ್ಟೋಬರ್ ಒಂದೇ ತಿಂಗಳಲ್ಲಿ ಪೆನ್ ಸ್ಟೇಟ್, ಎಲ್‌ಎಸ್‌ಯು, ಫ್ಲಾರಿಡಾ ತಮ್ಮ ತರಬೇತುದಾರರನ್ನು ಋತುವಿನ ನಡುವೆಯೇ ತೆಗೆದುಹಾಕಿದವು. ಮೊದಲೆರಡರಲ್ಲಿ ಪರಿಹಾರದ ಬಾಧ್ಯತೆ ತಲಾ ಐದು ಕೋಟಿ ಡಾಲರ್ ಆಸುಪಾಸಿನದು. ಅಂಥ ಮೊತ್ತವನ್ನು ಸಹಿಸಬಲ್ಲ ಸಂಸ್ಥೆಗಳು ಬೆರಳೆಣಿಕೆಯವು. ಪರ್ಡ್ಯೂದಂಥ ಕಡೆ ತರಬೇತುದಾರ ಬ್ಯಾರಿ ಓಡಮ್ ಅವರಿಗೆ ಎರಡು ಗೆಲುವಿನ ಮೊದಲ ವರ್ಷದ ನಂತರ ಎಷ್ಟು ಕಾಲಾವಕಾಶ ಸಿಗುತ್ತದೆ ಎಂಬುದನ್ನು ಗಮನಿಸಬೇಕು. ವ್ಯಾಂಡರ್‌ಬಿಲ್ಟ್ 2023ರಲ್ಲಿ ಕ್ಲಾರ್ಕ್ ಲೀ ಅವರನ್ನು ಉಳಿಸಿಕೊಂಡ ನಿರ್ಧಾರವೂ ಇಂಡಿಯಾನಾ ಅದೇ ವರ್ಷ ಟಾಮ್ ಆಲನ್ ಅವರನ್ನು ಬಿಟ್ಟ ನಿರ್ಧಾರವೂ, ಎರಡೂ ಫಲ ಕೊಟ್ಟಿವೆ. ಯಾವ ಸನ್ನಿವೇಶದಲ್ಲಿ ಯಾವುದು ಸರಿ ಎಂದು ಮುಂಚಿತವಾಗಿ ಹೇಳುವ ಸೂತ್ರ ಈವರೆಗೆ ಯಾರ ಕೈಗೂ ಸಿಕ್ಕಿಲ್ಲ, ಮತ್ತು ಪೋರ್ಟಲ್‌ನಲ್ಲಿ ಅದು ಮಾರಾಟಕ್ಕೂ ಇಲ್ಲ.